ಸೋರಿದ್ದು ಎಲ್ಲಿ?

ನೀರು ಕಡಿಮೆಯಾದಾಗ ಮನುಷ್ಯನಿಗೆ ಮೊದಲು ನೆನಪಾಗುವವನು ಕಳ್ಳ. ಬಿರುಕು ನೆನಪಾಗುವುದು ಆಮೇಲೆ. ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ.

ಅರಕೇರಿಯ ನಮ್ಮ ಮನೆಯ ಹಿತ್ತಲಲ್ಲಿ ನೆಲದೊಳಗೆ ಕಟ್ಟಿದ ನೀರಿನ ಟಾಕಿಯಿದೆ. ಬೇಸಿಗೆಯಲ್ಲಿ ಟ್ಯಾಂಕರಿನ ನೀರನ್ನು ಅದಕ್ಕೆ ತುಂಬಿಸುತ್ತೇವೆ. ಒಂದು ವರ್ಷ, ರಾತ್ರಿ ತುಂಬಿಸಿದ ನೀರು ಬೆಳಗಾಗುವಷ್ಟರಲ್ಲಿ ಗೇಣುದ್ದ ಇಳಿಯತೊಡಗಿತು. ನೆರೆಮನೆಗೂ ನಮಗೂ ನಡುವೆ ಮೊಣಕಾಲೆತ್ತರದ ಗೋಡೆ. ಆ ಮನೆಯ ಅವ್ವ ದಿನವೂ ಅದನ್ನು ದಾಟಿ ಬಂದು ನಾಲ್ಕು ಮಾತಾಡಿ ಹೋಗುತ್ತಿದ್ದಳು. ನಾನು ಯಾರನ್ನೂ ಕಳ್ಳರೆನ್ನಲಿಲ್ಲ. ಟಾಕಿಯ ಮುಚ್ಚಳಕ್ಕೆ ಬೀಗ ಹಾಕಿದೆ, ಅಷ್ಟೆ. ಹೇಳಬೇಕಾದುದನ್ನೆಲ್ಲ ಆ ಬೀಗವೇ ಹೇಳಿತು. ಅವ್ವ ಬರುವುದನ್ನು ಬಿಟ್ಟಳು.

ಬೀಗ ಬಿದ್ದ ಮೇಲೂ ನೀರು ಇಳಿಯಿತು. ಗೌಂಡಿಯನ್ನು ಕರೆಸಿದೆ. ಅವನು ಇಣುಕಿ ನೋಡಿ, "ಮತ್ತ ತುಂಬಬ್ಯಾಡ್ರಿ. ಇಳೀಲಿ ಬಿಡ್ರಿ. ಎಲ್ಲಿ ನಿಲ್ಲತೈತಿ ನೋಡೋಣು" ಎಂದ. ಮೂರನೆಯ ದಿನ ನೀರು ಒಂದು ಗೆರೆಗೆ ಬಂದು ನಿಂತಿತು. ಆ ಗೆರೆಯ ಮೇಲೆಯೇ, ಮೂಲೆಯಲ್ಲಿ, ಕೂದಲೆಳೆಯಂಥ ಬಿರುಕು! ಅದನ್ನು ಕೊರೆದು ಅಗಲ ಮಾಡಿ ಸಿಮೆಂಟು ತುಂಬಿದ.

ಕೆಲವು ಸಣ್ಣ ಹಾಯಿದೋಣಿಗಳ ಅಡಿಯಲ್ಲಿಯೂ ಇಂಥದೊಂದು ತೊಟ್ಟಿಯಿರುತ್ತದೆ. ದೋಣಿ ಗಾಳಿಗೆ ಮಗುಚದಿರಲೆಂದು ಅದರಲ್ಲಿ ನೀರನ್ನೇ ಭಾರವಾಗಿ ತುಂಬುತ್ತಾರೆ. ದಡಕ್ಕೆ ಎಳೆಯುವಾಗ ಬಸಿದುಬಿಡುತ್ತಾರೆ. ದೋಣಿಯೊಳಗೆ ನೀರು ಕಂಡರೆ ಯಾರಾದರೂ ಮೊದಲು ಸಂಶಯಪಡುವುದು ಕಡಲನ್ನು. ಬಲ್ಲವನು ದೋಣಿಯನ್ನು ದಡಕ್ಕೆ ತಂದು, ಒಳಗನ್ನು ಒರಸಿ, ತೊಟ್ಟಿ ತುಂಬಿ ಕಾಯುತ್ತಾನೆ. ದಡದಲ್ಲಿ ಕಡಲಿಲ್ಲ. ಅಲ್ಲಿಯೂ ಒಳಗೆ ಪಸೆಯೊಡೆದರೆ ಸೋರಿದ್ದು ತನ್ನ ತೊಟ್ಟಿಯೇ.

ಹಾಗಾದರೆ ಎಲ್ಲ ತಪ್ಪೂ ನಮ್ಮದೇ ಎಂದುಕೊಳ್ಳಬೇಕೆ? ಅದೂ ವಿವೇಕವಲ್ಲ. ಹೊರಮೈ ಒಡೆದು ಕಡಲೇ ಒಳನುಗ್ಗುವಾಗ ತೊಟ್ಟಿಯನ್ನು ತಡವುತ್ತ ಕೂತವನು ಮುಳುಗುತ್ತಾನೆ. ಲೋಕದಲ್ಲಿ ನೀರು ಕದಿಯುವವರೂ ಇದ್ದಾರೆ. ಆದರೆ ಯಾವುದನ್ನು ಮೊದಲು ಪರೀಕ್ಷಿಸಬೇಕು ಎಂಬುದು ಬರಿಯ ಯುಕ್ತಿಯ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ. ನನ್ನ ಟಾಕಿಯನ್ನು ಮೊದಲು ನೋಡಿ, ಕಳ್ಳನು ನಿಜವಾಗಿಯೂ ಇದ್ದಿದ್ದರೆ, ನನಗೆ ಮೂರು ದಿನದ ನೀರು ನಷ್ಟ. ನೆರೆಯವರನ್ನು ಮೊದಲು ಶಂಕಿಸಿ ಬಿರುಕು ನನ್ನಲ್ಲಿಯೇ ಇದ್ದರೆ? ಆ ನಷ್ಟವನ್ನು ಯಾವ ಟ್ಯಾಂಕರು ತುಂಬೀತು?

ನಮ್ಮ ವಿಜಯಪುರದ ಹಿಂದಿನವರು ಇದನ್ನು ನೀರಿನ ಮಟ್ಟಿಗಾದರೂ ಬಲ್ಲವರಾಗಿದ್ದರು. 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ಊರೊಳಗೆ ಮಣ್ಣಿನ ಕೊಳವೆಗಳಲ್ಲಿ ನೀರು ತರುವಾಗ, ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ನಿಲ್ಲಿಸಿದರು. ನೀರಿನ ಒತ್ತಡ ಅಲ್ಲಿ ತಗ್ಗಬೇಕು, ಹೂಳು ಅಲ್ಲಿ ತಂಗಬೇಕು, ಕೊಳವೆ ಒಡೆಯಬಾರದು. ಸಂಶಯಕ್ಕೂ ಮನಸ್ಸಿನಲ್ಲಿ ಅಂಥದೊಂದು ತಂಗುವ ಸ್ಥಳ ಬೇಕು. ನನ್ನಲ್ಲಿ ಅದಿರಲಿಲ್ಲ.

ಬೀಗ ತೆಗೆದು, ಅವ್ವನ ಮನೆಗೆ ಹೋಗಿ ನಡೆದುದನ್ನು ಹೇಳಿದೆ. "ನೀರ ನಿಂತಿತಲ್ಲ ತಮ್ಮಾ, ಛಲೋ ಆತು" ಎಂದು ಚಹಾ ಕೊಟ್ಟಳು. ಈಗ ಮತ್ತೆ ನಮ್ಮಲ್ಲಿಗೆ ಬರುತ್ತಾಳೆ. ಆದರೆ ಗೋಡೆ ದಾಟಿ ಬರುವುದಿಲ್ಲ. ಬೀದಿ ಸುತ್ತಿ, ತಲಬಾಗಿಲಿನಿಂದ, ಕರೆದಾಗ ಬರುತ್ತಾಳೆ.