ಅಡುಗೆಮನೆಯ ಲೆಕ್ಕ, ಪರಲೋಕದ ಲೆಕ್ಕ



ಕೆಲವು ವರ್ಷಗಳ ಹಿಂದೆ ಹುಣಸೂರು ತಾಲೂಕಿನ ಒಂದು ಊರಿನಲ್ಲಿ ಜನಾಝಾ ನಮಾಝ್‌ಗೆ ನಿಂತಿದ್ದೆವು. ಸಫ್‌ಗಳು ಸರಿಯಾದ ಮೇಲೆ, ವಾಡಿಕೆಯಂತೆ ಮೃತರ ಹಿರಿಯ ಮಗ ಮುಂದೆ ಬಂದು, "ನಮ್ಮ ತಂದೆಯವರಿಂದ ಯಾರಿಗಾದರೂ ಬಾಕಿ ಬರಬೇಕಿದ್ದರೆ ದಯವಿಟ್ಟು ತಿಳಿಸಿ, ನಾವು ತೀರಿಸುತ್ತೇವೆ" ಎಂದ. ಯಾರೂ ಮಾತನಾಡಲಿಲ್ಲ. ದಫನ ಮುಗಿಸಿ ಮರಳುವಾಗ ದಿನಸಿ ಅಂಗಡಿಯವರು ಆ ಹುಡುಗನನ್ನು ಪಕ್ಕಕ್ಕೆ ಕರೆದು, ಬಹಳ ಸಂಕೋಚದಿಂದ, "ನೀನೇ ಕೇಳಿದೆಯಲ್ಲಪ್ಪ, ಅದಕ್ಕೆ ಹೇಳುತ್ತಿದ್ದೇನೆ" ಎಂದು ಉದ್ರಿ ಪುಸ್ತಕದ ಮಾತೆತ್ತಿದರು.

ಅನಂತರ ಆ ಪುಸ್ತಕವನ್ನು ನಾನೂ ನೋಡಿದೆ. ಮೂರು ವರ್ಷಗಳ ಬಾಕಿ. ಅದರಲ್ಲಿ ಮದ್ಯವಿರಲಿಲ್ಲ, ಜೂಜಿರಲಿಲ್ಲ. ಎಣ್ಣೆ, ಸಕ್ಕರೆ, ಮೈದಾ, ಶಾವಿಗೆ, ಮಸಾಲೆ, ಬಿಸ್ಕತ್ತು. ಎಲ್ಲವೂ ಎಂದೋ ಬೇಯಿಸಿ, ತಿಂದು, ಮರೆತುಹೋದ ಪದಾರ್ಥಗಳು. ಆ ವ್ಯಕ್ತಿ ಐದು ಹೊತ್ತಿನ ನಮಾಝ್ ತಪ್ಪಿಸದವರು. ಬಡವರೂ ಅಲ್ಲ. ಹೊಗೆಸೊಪ್ಪಿನ ಹರಾಜಿನಲ್ಲಿ ಪ್ರತಿ ವರ್ಷವೂ ಅವರಿಗೆ ಹಣ ಬರುತ್ತಿತ್ತು. ಅವರ ಮನೆಯಲ್ಲಿ ಇಲ್ಲದೇ ಇದ್ದದ್ದು ಒಂದೇ: ಲೆಕ್ಕ.

ಸಾಲದ ವಿಷಯ ಸಣ್ಣದಲ್ಲ. ಸಾಲ ಉಳಿಸಿ ಮೃತಪಟ್ಟ ವ್ಯಕ್ತಿಯೊಬ್ಬರ ಜನಾಝಾ ತಂದಾಗ ಪ್ರವಾದಿವರ್ಯರು(ಸ) ತಾವು ನಮಾಝ್ ನಿರ್ವಹಿಸದೆ ಸಂಗಡಿಗರಿಗೆ ನಿರ್ವಹಿಸಲು ಹೇಳಿದ್ದರು. ಹ. ಅಬೂ ಕತಾದ(ರ) ಆ ಸಾಲದ ಹೊಣೆ ಹೊತ್ತ ಬಳಿಕವೇ ಅವರು ಮುಂದೆ ನಿಂತರು. ಬುಖಾರಿಯಲ್ಲಿರುವ ಈ ಘಟನೆಯನ್ನು ನಾವು ಅನೇಕ ಬಾರಿ ಕೇಳಿದ್ದೇವೆ. ಆದರೆ ನಮ್ಮ ಸಾಲದ ಮೊದಲ ಸಾಲು ಬರೆಯಲ್ಪಡುವುದು ಬಹುತೇಕ ಅಡುಗೆಮನೆಯಲ್ಲಿ ಎಂಬುದನ್ನು ಯೋಚಿಸಿದ್ದೇವೆಯೇ?

ವರ್ಷಕ್ಕೊಮ್ಮೆ ಬರುವ ಹಣ, ದಿನಕ್ಕೆ ಮೂರು ಬಾರಿ ಬರುವ ಹಸಿವು

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ. ಈ ನಾಲ್ಕೂ ಕಡೆಯ ಬದುಕಿನ ರೀತಿ ನಿಮಗೆ ತಿಳಿದದ್ದೇ. ಮುಂಗಾರಿಗೆ ಮುನ್ನ ಹೊಗೆಸೊಪ್ಪಿನ ಸಸಿ ನೆಟ್ಟು, ಮಳೆಗಾಲದಲ್ಲಿ ಬ್ಯಾರನ್‌ಗಳಲ್ಲಿ ಹದಮಾಡಿ, ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ ಮುಂತಾದ ಕಡೆಯ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳಿಗೆ ಬೇಲುಗಳನ್ನು ಸಾಗಿಸುತ್ತಾರೆ. ಹಣ ಬರುವುದು ಆಗ. ನಾಲೆ ಬಯಲಿನ ಭತ್ತದವರಿಗೆ ಕೊಯ್ಲಿನ ನಂತರ. ಮರಗೆಲಸದವರಿಗೆ, ಕೂಲಿಯವರಿಗೆ, ಸಣ್ಣ ವ್ಯಾಪಾರಿಗಳಿಗೆ ಈ ಹಣ ಊರಿನಲ್ಲಿ ಓಡಾಡಿದಾಗ. ಉಳಿದ ತಿಂಗಳುಗಳಲ್ಲಿ ಎಲ್ಲರ ಕೈಯೂ ಬಿಗಿ.

ಆದರೆ ಹಸಿವು ಹರಾಜಿಗಾಗಿ ಕಾಯುವುದಿಲ್ಲ. ಹಣ ಬಂದ ವಾರ ಮನೆಯಲ್ಲಿ ಬಿರಿಯಾನಿಯ ಮೇಲೆ ಬಿರಿಯಾನಿ. ಅದೇ ಮನೆಯ ಮಗುವನ್ನು ಆಷಾಢದಲ್ಲಿ ಅರ್ಧ ಪಾವು ಎಣ್ಣೆಗಾಗಿ ಉದ್ರಿ ಪುಸ್ತಕದೊಂದಿಗೆ ಅಂಗಡಿಗೆ ಕಳುಹಿಸುತ್ತೇವೆ. ಅಂಗಡಿಯವರು ಸಾಲ ಕೊಡದಾದಾಗ ವಾರದ ಕಂತಿನ ಬಡ್ಡಿ ಸಾಲ ಬಾಗಿಲಿಗೆ ಬರುತ್ತದೆ. ಕಿರುಸಾಲ ವಸೂಲಿಯ ಕಿರುಕುಳ ಎಷ್ಟು ಮಿತಿಮೀರಿತೆಂದರೆ, ಅದನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಕಾನೂನು ವಸೂಲಿಗಾರನ ಬಾಯಿ ಮುಚ್ಚಿಸಬಹುದು. ಆದರೆ ಅಲ್ಲಾಹನು ನಿಷಿದ್ಧಗೊಳಿಸಿದ ಬಡ್ಡಿಯ ಬಾಗಿಲನ್ನು ನಾವೇ ಮುಚ್ಚಬೇಕಾಗಿದೆ.

ಯೋಜನೆ ತವಕ್ಕುಲ್‌ಗೆ ವಿರುದ್ಧವೇ?

"ಅನ್ನ ಕೊಡುವವನು ಅಲ್ಲಾಹನು. ನಾಳೆಯ ಚಿಂತೆ ಯಾಕೆ?" ಎನ್ನುವವರಿದ್ದಾರೆ. ಅವರು ಸೂರಃ ಯೂಸುಫ್ ಅನ್ನು ಇನ್ನೊಮ್ಮೆ ಓದಲಿ. ಸಮೃದ್ಧಿಯ ಏಳು ವರ್ಷಗಳಲ್ಲಿ ತಿನ್ನುವಷ್ಟನ್ನು ಮಾತ್ರ ತೆಗೆದು, ಉಳಿದ ಧಾನ್ಯವನ್ನು ತೆನೆಯಲ್ಲಿಯೇ ಇರಿಸಿ, ಮುಂಬರುವ ಏಳು ಬರಗಾಲದ ವರ್ಷಗಳಿಗೆ ಕಾಪಾಡಬೇಕೆಂದು ಕಲಿಸಿದವರು ಅಲ್ಲಾಹನ ಪ್ರವಾದಿ. ನಮ್ಮ ಪ್ರವಾದಿವರ್ಯರು(ಸ) ತಮ್ಮ ಕುಟುಂಬಕ್ಕೆ ಒಂದು ವರ್ಷಕ್ಕೆ ಬೇಕಾದ ಆಹಾರವನ್ನು ತೆಗೆದಿರಿಸುತ್ತಿದ್ದರೆಂದು ಹ. ಉಮರ್(ರ) ವರದಿ ಮಾಡಿದ್ದಾರೆ. ಅವರಿಗಿಂತ ಹೆಚ್ಚಿನ ತವಕ್ಕುಲ್ ಯಾರಿಗಿದೆ? ಬೆಲೆಯೇರಲೆಂದು ದಾಸ್ತಾನು ಮಾಡುವುದು ಪಾಪ. ಮಕ್ಕಳ ಹೊಟ್ಟೆಗಾಗಿ ಕೂಡಿಡುವುದು ಹೊಣೆಗಾರಿಕೆ.

ಆದ್ದರಿಂದ ಹರಾಜಿನ ಹಣ ಕೈ ಸೇರಿದೊಡನೆ ಮೊದಲು ತೆಗೆಯಬೇಕಾದದ್ದು ಹಳೆಯ ಬಾಕಿ, ನಂತರ ವರ್ಷದ ಕಾಳು. ಲೆಕ್ಕ ಕಷ್ಟದ್ದಲ್ಲ. ಐವರ ಮನೆಯಲ್ಲಿ ರಾತ್ರಿಗೆ ಐದು ಮುದ್ದೆ ಎಂದರೆ ಸುಮಾರು ಅರ್ಧ ಕಿಲೋ ರಾಗಿ ಹಿಟ್ಟು. ತಿಂಗಳಿಗೆ 15 ಕಿಲೋ. ವರ್ಷಕ್ಕೆ ಎರಡು ಕ್ವಿಂಟಲ್‌ಗೂ ಕಡಿಮೆ. ಹೊಗೆಸೊಪ್ಪಿನ ಹೊಲದಲ್ಲೇ ಎರಡನೆಯ ಬೆಳೆಯಾಗಿ ರಾಗಿ ಬಿತ್ತುವ ರೂಢಿ ನಮ್ಮಲ್ಲಿದೆ. ಅದನ್ನು ಬಿಡಬೇಡಿ. ಹೊಲವಿಲ್ಲದವರು ಸುಗ್ಗಿಯಲ್ಲೇ, ಕಣದ ಬೆಲೆಗೇ ಕೊಳ್ಳಲಿ. ರಾಗಿಗೆ ಹುಳು ಬೀಳುವುದು ಅಪರೂಪ. ನಮ್ಮ ಹಿರಿಯರು ಅದನ್ನು ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಹುರುಳಿ, ಅವರೆ, ಅಲಸಂದೆ ಕಾಳುಗಳನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಒಣ ಬೇವಿನ ಎಲೆ ಬೆರೆಸಿ ಡಬ್ಬಕ್ಕೆ ತುಂಬಿ.

ಸಾರಿಗೆ ನೀರು ಹೆಚ್ಚಿಸಿ

ಪ್ರವಾದಿವರ್ಯರು(ಸ) ಹ. ಅಬೂದರ್(ರ)ರವರಿಗೆ ಕಲಿಸಿದ ಒಂದು ಅಡುಗೆಯ ಪಾಠವು ಸಹೀಹ್ ಮುಸ್ಲಿಮ್‌ನಲ್ಲಿದೆ. ಸಾರು ಬೇಯಿಸುವಾಗ ನೀರು ಹೆಚ್ಚು ಹಾಕಬೇಕು, ನೆರೆಯವರನ್ನು ನೆನೆಯಬೇಕು. ಒಂದೇ ಪಾತ್ರೆಯಲ್ಲಿ ಮಿತವ್ಯಯವೂ ಔದಾರ್ಯವೂ ಜೊತೆಯಾಗಿ ಬೇಯುವ ಪಾಠವಿದು.

ಈ ಪಾಠ ನಮ್ಮ ಸೀಮೆಯ ಅಡುಗೆಗೆ ಹೊಸದಲ್ಲ. ಬಸ್ಸಾರನ್ನೇ ನೋಡಿ. ಕಾಳು ಮತ್ತು ಸೊಪ್ಪನ್ನು ಒಟ್ಟಿಗೆ ಬೇಯಿಸಿ, ಬಸಿದ ನೀರಿನಿಂದ ಸಾರು, ಉಳಿದ ಕಾಳು ಸೊಪ್ಪಿನಿಂದ ಪಲ್ಯ. ಒಂದು ಉರಿ, ಎರಡು ಪದಾರ್ಥ. ಹುರುಳಿಯ ಕಟ್ಟು ಎರಡನೆಯ ದಿನ ಇನ್ನೂ ರುಚಿ. ಬದುವಿನಲ್ಲಿ ಬೆಳೆಯುವ ಅಣ್ಣೆಸೊಪ್ಪು, ಹಿತ್ತಲಿನ ನುಗ್ಗೆ ಸೊಪ್ಪು, ಚಳಿಗಾಲದ ಸೊಗಡಿನ ಅವರೆಕಾಯಿ. ಕಾಲಕ್ಕೆ ತಕ್ಕಂತೆ ಅಲ್ಲಾಹನು ಅಗ್ಗವಾಗಿ ಕೊಡುವುದನ್ನು ತಿಂದರೆ ಜೇಬಿಗೂ ಹಿತ, ದೇಹಕ್ಕೂ ಹಿತ.

"ಮಾಂಸವಿಲ್ಲದೆ ಊಟವೇ?" ಎಂಬ ಮಾತು ನಮ್ಮ ಮನೆಗಳಲ್ಲಿ ಹೆಚ್ಚು. ಮಾಂಸ ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಒಂದೇ ಹೊತ್ತಿಗೆ ಮುಗಿಯುವ ಒಂದು ಕಿಲೋದ ಬದಲು, ಜುಮುಅದ ದಿನ ಮೂಳೆ ಸಹಿತ ಅರ್ಧ ಕಿಲೋ ತಂದು, ಒಂದು ಪಾವು ಕಡಲೆಬೇಳೆ, ಸೋರೆಕಾಯಿ, ಹುಣಸೆಹುಳಿ ಸೇರಿಸಿ ದಾಲ್ಚಾ ಮಾಡಿ. ಪಡಿತರದ ಅಕ್ಕಿಯಲ್ಲೇ ಕುಷ್ಕಾ ಬೇಯಿಸಿ. ಆರು ಜನ ಉಂಡ ಮೇಲೂ ಬೆಳಗಿಗೆ ಒಂದು ಬಟ್ಟಲು ಉಳಿಯುತ್ತದೆ. ಉಳಿದ ದಿನಗಳಲ್ಲಿ ಒಂದು ದಿನ ಮೊಟ್ಟೆ, ಒಂದು ದಿನ ಕಬಿನಿಯ ಕಡೆಯಿಂದ ಬರುವ ಸಣ್ಣ ಮೀನು ಸಾಕು.

ಒಮ್ಮೆ ಪ್ರವಾದಿವರ್ಯರು(ಸ) ಮನೆಯವರಲ್ಲಿ ನಂಚಿಕೊಳ್ಳಲು ಏನಿದೆ ಎಂದು ಕೇಳಿದರು. ವಿನೆಗರ್ ಅಲ್ಲದೆ ಏನೂ ಇಲ್ಲ ಎಂಬ ಉತ್ತರ ಬಂತು. ಅವರು ಮುಖ ಸಿಂಡರಿಸಲಿಲ್ಲ. ಅದನ್ನೇ ತರಿಸಿ ಹೊಗಳುತ್ತಾ ಉಂಡರು. ಬಡಿಸಿದ ಆಹಾರವನ್ನು ಅವರು ಎಂದೂ ದೂಷಿಸಿದವರಲ್ಲ. ಉಪ್ಪು ಸ್ವಲ್ಪ ಹೆಚ್ಚಾದುದಕ್ಕೆ ತಟ್ಟೆ ನೂಕುವ ಸಹೋದರರೇ, ಈ ಸುನ್ನತ್ತನ್ನು ನಾವು ಎಲ್ಲಿ ಬಿಟ್ಟು ಬಂದೆವು?

ಸೋರಿಕೆ ಎಲ್ಲಿದೆ?

ಒಂದು ತಿಂಗಳು ಮಗಳ ಹಳೆಯ ನೋಟ್ ಪುಸ್ತಕದಲ್ಲಿ ಖರ್ಚು ಬರೆದಿಡಿ. ಎಣ್ಣೆಯ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ಅದು ಎಷ್ಟು ದಿನ ಬಂತೆಂದು ತಿಳಿಯುತ್ತದೆ. ಆಗ ನಿಜವಾದ ಸೋರಿಕೆ ಗೋಚರಿಸುತ್ತದೆ. ಇಬ್ಬರು ಮಕ್ಕಳಿಗೆ ದಿನಕ್ಕೆ ತಲಾ 10 ರೂಪಾಯಿಯ ಕುರುಕಲು ಪೊಟ್ಟಣ ಎಂದರೆ ತಿಂಗಳಿಗೆ 600, ವರ್ಷಕ್ಕೆ 7,200 ರೂಪಾಯಿ. ಮನೆಯ ಯಜಮಾನ ಬೇಕರಿ ಮುಂದೆ ದಿನಕ್ಕೆ 10 ರೂಪಾಯಿಯಂತೆ ನಾಲ್ಕು ಚಹಾ ಕುಡಿದರೆ ತಿಂಗಳಿಗೆ 1,200. ಸಿಗರೇಟು, ಗುಟ್ಕಾಗಳ ಲೆಕ್ಕ ಬೇರೆ. ಹೀಗಿರುವಾಗ "ನೀನು ಎಣ್ಣೆ ಜಾಸ್ತಿ ಸುರಿಯುತ್ತೀ" ಎಂದು ಪತ್ನಿಯನ್ನು ಗದರಿಸುವುದು ನ್ಯಾಯವೇ?

ರಮಝಾನ್‌ನ ಮಾತು ಬೇರೆಯೇ ಹೇಳಬೇಕು. ಹಸಿವನ್ನು ಅರಿಯಲೆಂದು ಬಂದ ತಿಂಗಳಿನಲ್ಲಿ ನಮ್ಮ ಅಡುಗೆಮನೆಯ ಖರ್ಚು ಇಮ್ಮಡಿಯಾಗುತ್ತದೆ. ಇಫ್ತಾರ್‌ನ ತಟ್ಟೆಯಲ್ಲಿ ಕರಿದ ತಿಂಡಿಗಳ ರಾಶಿ. ತರಾವೀಹ್‌ನಲ್ಲಿ ನಿಲ್ಲಲಾಗದ ಭಾರ. ಉಂಬುವುದು ಕುಡಿಯುವುದು ಅನುಮತಿಸಲ್ಪಟ್ಟಿದೆ, ಮಿತಿ ಮೀರುವವರು ಅಲ್ಲಾಹನಿಗೆ ಮೆಚ್ಚುಗೆಯವರಲ್ಲ ಎಂಬ ಸೂರಃ ಅಲ್ ಅಅ್‌ರಾಫ್‌ನ ಬೋಧನೆ ರಮಝಾನ್‌ಗೆ ಅನ್ವಯಿಸುವುದಿಲ್ಲವೇ?

ಉಳಿತಾಯ ಯಾರ ತಟ್ಟೆಯಿಂದ?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮ ಅನೇಕ ಮನೆಗಳಲ್ಲಿ ಮಿತವ್ಯಯ ಈಗಾಗಲೇ ನಡೆಯುತ್ತಿದೆ. ಆದರೆ ಅದು ಒಬ್ಬಳ ತಟ್ಟೆಯಲ್ಲಿ ಮಾತ್ರ. ಗಂಡಸರು ಉಂಡು, ಮಕ್ಕಳು ಉಂಡು, ಅತಿಥಿಗಳು ಉಂಡ ಮೇಲೆ ಪಾತ್ರೆಯ ತಳದ ಸಾರಿನಲ್ಲಿ ಮುದ್ದೆ ಅದ್ದಿ ತಿನ್ನುವವಳು ಮನೆಯೊಡತಿ. ಮಾಂಸದ ದಿನವೂ ಅವಳ ಪಾಲಿಗೆ ಮೂಳೆ. ಇದು ಉಳಿತಾಯವಲ್ಲ, ಅನ್ಯಾಯ. ಪತ್ನಿಯ ಬಾಯಿಗೆ ಪತಿ ಇಡುವ ತುತ್ತಿಗೂ ಪ್ರತಿಫಲವಿದೆ ಎಂದು ಪ್ರವಾದಿವರ್ಯರು(ಸ) ಹ. ಸಅದ್(ರ)ರವರಿಗೆ ತಿಳಿಸಿದರು. ಪತಿ ಸಾಕಷ್ಟು ಕೊಡುತ್ತಿಲ್ಲವೆಂದು ಹ. ಹಿಂದ್(ರ) ದೂರಿದಾಗ, ತನಗೂ ಮಕ್ಕಳಿಗೂ ಸಾಕಾಗುವಷ್ಟನ್ನು ನ್ಯಾಯವಾದ ರೀತಿಯಲ್ಲಿ ತೆಗೆದುಕೊಳ್ಳಲು ಅನುಮತಿಸಿದರು. ಅಂದರೆ ಅವಳ ಊಟ ಅವಳ ಹಕ್ಕು, ಪತಿಯ ಔದಾರ್ಯವಲ್ಲ.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ದೊರೆಯಿತು. ತಿಂಗಳಿಗೆ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಎಂಬುದು ಅದರ ನಿಯಮ. ಆ ಹಣವನ್ನು ಬೈಕಿನ ಕಂತಿಗೆ ಕಿತ್ತುಕೊಳ್ಳುವ ಪತಿ ತನ್ನ ಕರ್ತವ್ಯವನ್ನು ಪತ್ನಿಯ ಹೆಗಲಿಗೆ ದಾಟಿಸುತ್ತಿದ್ದಾನೆ. ಅದರಲ್ಲಿ ಒಂದಂಶವಾದರೂ ಅವಳ ತಟ್ಟೆಗೆ ಮೊಟ್ಟೆಯಾಗಿ, ಹಾಲಾಗಿ, ಸೊಪ್ಪಾಗಿ ಬರಲಿ. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿರಿ. ಒಟ್ಟಿಗೆ ಕುಳಿತಾಗ ಯಾರ ಪಾಲು ಕಡಿಮೆಯೆಂಬುದು ಕಣ್ಣಿಗೆ ಬೀಳುತ್ತದೆ. ಇಬ್ಬರ ಊಟ ಮೂವರಿಗೆ ಸಾಕಾಗುವ ಬರಕತ್ ಕೂಡ ಅಲ್ಲಿಯೇ ಇದೆ.

ಮಿತವ್ಯಯ ಜಿಪುಣತನವಲ್ಲ

ಲೆಕ್ಕ ಕಲಿತವರು ನೆರೆಯವರನ್ನು ಮರೆತರೆ ಕಲಿತದ್ದೆಲ್ಲ ವ್ಯರ್ಥ. ಕೈಯನ್ನು ಕೊರಳಿಗೆ ಕಟ್ಟಿಕೊಳ್ಳುವುದನ್ನೂ, ಪೂರ್ತಿ ಚಾಚಿಬಿಡುವುದನ್ನೂ ಕುರ್‌ಆನ್ ಒಂದೇ ಕಡೆ ವಿರೋಧಿಸಿದೆ. ಮನೆಯಲ್ಲಿ ಆಡು ಕೊಯ್ದಾಗ ಹ. ಅಬ್ದುಲ್ಲಾ ಬಿನ್ ಅಮ್ರ್(ರ)ರವರು ಯಹೂದಿ ನೆರೆಯವರಿಗೆ ಕೊಟ್ಟಿರಾ ಎಂದು ಮತ್ತೆ ಮತ್ತೆ ವಿಚಾರಿಸಿದರು. ನೆರೆಯವರ ಹಕ್ಕಿಗೆ ಧರ್ಮದ ಗಡಿಯಿಲ್ಲ. ಸುಗ್ಗಿಯಲ್ಲಿ ಪಕ್ಕದ ಗೌಡರ ಮನೆಯಿಂದ ಅವರೆಕಾಯಿ ಬರುತ್ತದಲ್ಲವೇ? ನಿಮ್ಮ ಹಿತ್ತಲಿನ ನುಗ್ಗೆಕಾಯಿ ಅಲ್ಲಿಗೂ ಹೋಗಲಿ. ಮಾಂಸ ತಿನ್ನದವರ ಮನೆಗೆ ಹಣ್ಣು ಕಳುಹಿಸಿ. ಹಸಿದವರ ಮನೆಗೆ ಸಾರು ಕಳುಹಿಸಿ.

ಆ ಜನಾಝಾದ ಕಥೆಗೆ ಮರಳೋಣ. ಮಗ ಆ ಬಾಕಿಯನ್ನು ಎರಡು ಹರಾಜುಗಳ ಹಣದಲ್ಲಿ ತೀರಿಸಿದ. ಕೊನೆಯ ಕಂತು ಕೊಟ್ಟ ದಿನ ಅಂಗಡಿಯವರು ಪುಟದ ಮೇಲೆ ಅಡ್ಡಗೆರೆ ಎಳೆದರು. ಅವನು ಆ ಪುಸ್ತಕವನ್ನು ಕೇಳಿ ಪಡೆದು ತಾಯಿಯ ಕೈಗಿತ್ತ. ಈಗ ಅದರ ಖಾಲಿ ಹಾಳೆಗಳಲ್ಲಿ ಆ ತಾಯಿ ಮನೆಯ ಖರ್ಚು ಬರೆಯುತ್ತಾರೆ: ರಾಗಿ ಇಷ್ಟು, ಬೇಳೆ ಇಷ್ಟು, ನೆರೆಮನೆಗೆ ಇಷ್ಟು.

ಪ್ರಿಯ ಓದುಗರೇ, ನಿಮ್ಮ ಉದ್ರಿ ಪುಸ್ತಕ ಎಲ್ಲಿದೆ? ಇಂದೇ ತೆಗೆದು ನೋಡಿ. ಉಸಿರಿರುವಾಗ ನೋಡಿದರೆ ಅದು ನಮ್ಮ ಲೆಕ್ಕ. ಉಸಿರು ನಿಂತ ಮೇಲೆ ಅದೇ ನಮ್ಮ ಹೊರೆ.

ಅಲ್ಲಾಹನು ನಮ್ಮ ಅನ್ನವನ್ನು ಹಲಾಲ್ ಆಗಿಸಲಿ, ಅದರಲ್ಲಿ ಬರಕತ್ ನೀಡಲಿ, ಸಾಲದ ಭಾರದಿಂದ ನಮ್ಮನ್ನು ಕಾಪಾಡಲಿ, ನಮ್ಮ ತಟ್ಟೆಯಲ್ಲಿ ಹಸಿದವರ ಪಾಲನ್ನು ಕಾಣುವ ಕಣ್ಣು ಕರುಣಿಸಲಿ. ಆಮೀನ್.