ಹೆಸರಿಲ್ಲದವರ ಪಾಲು

ಮನೆಯಲ್ಲಿ ಒಬ್ಬರಿಗೆ ಉಬ್ಬಸವೋ ಬೆಳಗಿನ ಹೊತ್ತಿನ ಸೀನಿನ ಕಾಟವೋ ಇದ್ದರೆ ಬೀರುವಿನಲ್ಲಿ ಲ್ಯಾಬ್ ರಿಪೋರ್ಟುಗಳ ಫೈಲೊಂದು ಇದ್ದೇ ಇರುತ್ತದೆ. ಅದರಲ್ಲಿ ‘ಟೋಟಲ್ ಐಜಿಇ’ ಎಂಬ ಸಾಲಿನ ಮುಂದಿನ ಅಂಕಿ ದಪ್ಪಕ್ಷರದಲ್ಲಿದ್ದರೆ ನಮಗೆ ಗಾಬರಿ. ಡಾಕ್ಟರು ಅದನ್ನು ನೋಡಿ, ಧೂಳಿನಿಂದ ದೂರ ಇರಿ, ಇನ್ಹೇಲರ್ ತಪ್ಪಿಸಬೇಡಿ ಎಂದು ಹೇಳಿ ಕಳಿಸುತ್ತಾರೆ. ಈ ಐಜಿಇ ನಮ್ಮ ರಕ್ತದಲ್ಲೇ ಇರುವ ಒಂದು ಪ್ರತಿಕಾಯ. ಪರಾಗವೋ ಧೂಳೋ ಒಳಗೆ ಹೋದಾಗ ಕೆಲವರ ಶ್ವಾಸನಾಳ ಬಿಗಿದುಕೊಳ್ಳುವುದು ಇದರ ದೆಸೆಯಿಂದ. ರಕ್ತದಲ್ಲಿ ಇದರ ಪ್ರಮಾಣ ಎಷ್ಟು ಅಲ್ಪವೆಂದರೆ, ಇದನ್ನು ಹಿಡಿಯಲು ಹೊರಟವರಿಗೆ ದಶಕಗಳೇ ಬೇಕಾದವು.

1921ರಲ್ಲಿ ಜರ್ಮನಿಯ ಪ್ರೌಸ್ನಿಟ್ಸ್ ಮತ್ತು ಕ್ಯೂಸ್ಟ್ನರ್ ಎಂಬ ವೈದ್ಯರು ಮೊದಲ ಸುಳಿವು ಹಿಡಿದರು. ಕ್ಯೂಸ್ಟ್ನರ್‌ಗೆ ಮೀನು ಒಗ್ಗುತ್ತಿರಲಿಲ್ಲ. ಅವರ ರಕ್ತದ ತಿಳಿಯನ್ನು ಪ್ರೌಸ್ನಿಟ್ಸ್ ತಮ್ಮ ಚರ್ಮದೊಳಕ್ಕೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ಅಲ್ಲಿ ಕೆಂಪಗೆ ದದ್ದು ಎದ್ದಿತು. ಒಬ್ಬರ ಅಲರ್ಜಿ ಇನ್ನೊಬ್ಬರ ಮೈಗೆ ದಾಟಿತ್ತು, ಆದರೆ ದಾಟಿದ್ದು ಯಾವ ವಸ್ತು ಎಂಬುದು ತಿಳಿಯಲಿಲ್ಲ. ನಾಲ್ಕು ದಶಕಗಳ ನಂತರ ಅಮೆರಿಕದ ಡೆನ್ವರ್‌ನಲ್ಲಿ, ಆಸ್ತಮಾ ಇರುವ ಮಕ್ಕಳ ಆಸ್ಪತ್ರೆಗೆ ಸೇರಿದ ಸಂಶೋಧನಾಲಯದಲ್ಲಿ, ಜಪಾನಿನಿಂದ ಬಂದ ಕಿಮಿಶಿಗೆ ಇಶಿಝಾಕಾ ಮತ್ತು ತೆರುಕೊ ಇಶಿಝಾಕಾ ದಂಪತಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ರ‍್ಯಾಗ್‌ವೀಡ್ ಎಂಬ ಕಳೆಯ ಪರಾಗಕ್ಕೆ ಒಗ್ಗದವರ ರಕ್ತದ ತಿಳಿ ಅವರ ಸಾಮಗ್ರಿ. (ನಮ್ಮ ಖಾಲಿ ಸೈಟುಗಳಲ್ಲೆಲ್ಲ ಬೆಳೆಯುವ ಕಾಂಗ್ರೆಸ್ ಗಿಡ ಈ ಕಳೆಗೆ ಹತ್ತಿರದ ಬಂಧು.) ಆ ತಿಳಿಯನ್ನು ಭಾಗ ಭಾಗ ಬೇರ್ಪಡಿಸಿ, ಅಲರ್ಜಿಯ ಶಕ್ತಿ ಯಾವ ಭಾಗದಲ್ಲಿದೆ ಎಂದು ನೋಡಬೇಕಿತ್ತು. ಅದಕ್ಕೆ ಆಗ ಇದ್ದ ಪರೀಕ್ಷೆ ಪ್ರೌಸ್ನಿಟ್ಸ್ ಮಾಡಿದ್ದೇ. ಹಾಗಾಗಿ ಗಂಡಹೆಂಡಿರಿಬ್ಬರೂ ತಮ್ಮ ಬೆನ್ನನ್ನೇ ಒಡ್ಡಿ ಚುಚ್ಚಿಸಿಕೊಂಡರು, ಎದ್ದ ದದ್ದುಗಳನ್ನು ಅಳೆದು ಬರೆದಿಟ್ಟರು. 1966ರಲ್ಲಿ ಅವರ ಪ್ರಬಂಧಗಳು ಹೊರಬಂದವು: ಇದು ಅದುವರೆಗೆ ಗೊತ್ತಿದ್ದ ಯಾವ ಪ್ರತಿಕಾಯವೂ ಅಲ್ಲ, ಹೊಸದು.

ಅದೇ ಕಾಲಕ್ಕೆ ಸ್ವೀಡನ್ನಿನ ಉಪ್ಸಾಲಾದಲ್ಲಿ ಯೊಹಾನ್ಸನ್ ಮತ್ತು ಬೆನ್ನಿಶ್ ಎಂಬ ಸಂಶೋಧಕರು ಬೇರೆ ದಾರಿಯಿಂದ ಅಲ್ಲಿಗೇ ಬರುತ್ತಿದ್ದರು. ಮೂಳೆಮಜ್ಜೆಯ ಕ್ಯಾನ್ಸರ್ ಇದ್ದ ಒಬ್ಬ ರೋಗಿಯ ರಕ್ತದಲ್ಲಿ ಅಪರಿಚಿತ ಪ್ರೋಟೀನೊಂದು ತುಂಬಿತ್ತು. ಡೆನ್ವರ್‌ನವರು ಕಣಕಣವಾಗಿ ಹುಡುಕುತ್ತಿದ್ದ ವಸ್ತು ಇಲ್ಲಿ ಧಾರಾಳವಾಗಿ ಸಿಕ್ಕಿತ್ತು. ಆ ರೋಗಿಯ ಹೆಸರಿನ ಮೊದಲಕ್ಷರಗಳನ್ನೇ ಸೇರಿಸಿ ಅವರು ಅದನ್ನು ಕರೆದರು. ಆಸ್ತಮಾ ಇರುವವರ ರಕ್ತದಲ್ಲಿ ಇದು ಹೆಚ್ಚಿರುತ್ತದೆ ಎಂದು 1967ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಯೊಹಾನ್ಸನ್ ಬರೆದರು. ಇಂಥ ಹೊತ್ತಿನಲ್ಲಿ ‘ಮೊದಲು ಕಂಡವರು ನಾವು’ ಎಂದು ಜಗಳಕ್ಕೆ ನಿಲ್ಲುವುದು ಸುಲಭ. ಎರಡೂ ತಂಡದವರು ಮಾಡಿದ್ದು ಬೇರೆ: ತಮ್ಮ ತಮ್ಮ ಸಾಮಗ್ರಿಯನ್ನು ಸಾಗರದಾಚೆಗೆ ಕಳಿಸಿ ಪರಸ್ಪರ ತಾಳೆ ನೋಡಿದರು. ಎರಡೂ ಒಂದೇ ಎಂದು ಖಚಿತವಾಯಿತು. 1968ರಲ್ಲಿ ಲೊಸಾನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಸೇರಿ ಐಜಿಇ ಎಂಬ ಒಂದೇ ಹೆಸರಿಟ್ಟಿತು. ಮುಂದೆ ಈ ಪ್ರತಿಕಾಯವನ್ನೇ ತಡೆಯುವ ಒಮಾಲಿಝುಮ್ಯಾಬ್ ಎಂಬ ಚುಚ್ಚುಮದ್ದಿಗೆ 2003ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ದೊಡ್ಡ ಸಂಶೋಧಕರ ಪ್ರಬಂಧಗಳ ಪಟ್ಟಿ ಪುಟಗಟ್ಟಲೆ ಇರುತ್ತದೆ, ಅದನ್ನು ಕಂಡಾಗ ಗೌರವ ಮೂಡುವುದು ಸಹಜ. ಆದರೆ ಆ ಉಪ್ಸಾಲಾದ ರೋಗಿ ಯಾವ ಪಟ್ಟಿಯಲ್ಲೂ ಲೇಖಕರಲ್ಲ, ಪರಾಗದ ಕಾಟದಲ್ಲೇ ರಕ್ತ ಕೊಟ್ಟವರೂ ಅಲ್ಲ. ಅವರು ಕೊಟ್ಟಿದ್ದಕ್ಕೆ ಇಂದು ನಮ್ಮ ಮಗುವಿನ ರಿಪೋರ್ಟಿನಲ್ಲಿ ಆ ಸಾಲು ಇದೆ. ನಮ್ಮ ಊರಿನ ಆಸ್ಪತ್ರೆಗಳಲ್ಲೂ ಕೆಲವೊಮ್ಮೆ ಕಿರಿಯ ಡಾಕ್ಟರೊಬ್ಬರು ಒಪ್ಪಿಗೆ ಪತ್ರ ಹಿಡಿದು ಬಂದು, ಅಧ್ಯಯನಕ್ಕೆಂದು ಸ್ವಲ್ಪ ಹೆಚ್ಚು ರಕ್ತ ಕೊಡುವಿರಾ ಎಂದು ಕೇಳುತ್ತಾರೆ. ಕಾಯಿಲೆಯ ಆತಂಕದಲ್ಲಿ ಕೂತಿರುವ ನಮಗೆ, ಇದರಿಂದ ನಮಗೇನು ಎನ್ನಿಸುವುದುಂಟು. ಪತ್ರವನ್ನು ಪೂರ್ತಿ ಓದೋಣ, ಅರ್ಥವಾಗದ್ದನ್ನು ಕನ್ನಡದಲ್ಲಿ ಹೇಳಿಸಿಕೊಳ್ಳೋಣ. ಬೇಡವೆನ್ನುವ ಹಕ್ಕು ನಮಗಿದೆ, ಬೇಡವೆಂದರೆ ಚಿಕಿತ್ಸೆಗೆ ಕುಂದು ಬರಕೂಡದೆಂಬುದು ನಿಯಮ. ಎಲ್ಲ ಕೇಳಿದ ಮೇಲೆ ಮನಸ್ಸು ಒಪ್ಪಿದರೆ, ಅಂಗಿಯ ತೋಳು ಮಡಚಿ ಇನ್ನೊಂದು ಚಮಚೆಯಷ್ಟು ರಕ್ತ ಕೊಟ್ಟು ಬರೋಣ.