ಬಂಡೆ ಬರೆದಿಟ್ಟ ಲೆಕ್ಕ

ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟವನ್ನು ಏರುವಾಗ ಕಾಲಡಿಯ ಬಂಡೆಯನ್ನು ಕುರಿತು ಯೋಚಿಸುವವರು ವಿರಳ. ‘ಕಲ್ಲಿನಂತೆ ಜಡವಾಗಿ ಕೂರಬೇಡಿರಿ’ ಎಂದು ತರಗತಿಯಲ್ಲಿ ಮಕ್ಕಳನ್ನು ಗದರಿದವರು ನಾವು. ಕಲ್ಲು ಸುಮ್ಮನೆ ಕೂತಿಲ್ಲ, ತನ್ನ ಲೆಕ್ಕವನ್ನು ತಾನೇ ಬರೆದಿಡುತ್ತದೆ ಎಂಬುದು ನಿವೃತ್ತಿಯ ನಂತರದ ಓದಿನಿಂದ ನಮಗೆ ತಿಳಿಯಿತು.

ಬಾಹ್ಯಾಕಾಶದಿಂದ ವಿಶ್ವಕಿರಣಗಳು ಭೂಮಿಯ ಮೇಲೆ ಸದಾ ಸುರಿಯುತ್ತಿವೆ. 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ ಮೇಲೇರಿ ಇವುಗಳ ಇರವನ್ನು ಕಂಡುಹಿಡಿದರು. ಇವು ವಾಯುಮಂಡಲದಲ್ಲಿ ಹುಟ್ಟಿಸುವ ನ್ಯೂಟ್ರಾನುಗಳು ಬೆಣಚುಕಲ್ಲಿನ ಹರಳಿನಲ್ಲಿರುವ ಆಮ್ಲಜನಕದ ಪರಮಾಣುವನ್ನು ಒಡೆದಾಗ ಬೆರಿಲಿಯಂ-10 ಎಂಬ ಸಮಸ್ಥಾನಿ ಉಂಟಾಗುತ್ತದೆ. ಅದು ಅರ್ಧದಷ್ಟು ಕ್ಷಯಿಸಲು ಸುಮಾರು 14 ಲಕ್ಷ ವರ್ಷ ಬೇಕು. ಬಹುಪಾಲು ಮೇಲಿನ ಒಂದೆರಡು ಮೀಟರಿನಲ್ಲೇ ಅದು ಹುಟ್ಟುವುದರಿಂದ, ಬಂಡೆ ಬೇಗ ಸವೆದರೆ ಕಡಿಮೆ ಉಳಿಯುತ್ತದೆ, ನಿಧಾನವಾಗಿ ಸವೆದರೆ ಹೆಚ್ಚು ಶೇಖರವಾಗುತ್ತದೆ. ಅದನ್ನು ಎಣಿಸಿ ಸವೆತದ ವೇಗವನ್ನು ತಿಳಿಯುತ್ತಾರೆ. ಈ ವಿದ್ಯೆಗೆ ಬುನಾದಿ ಹಾಕಿದವರಲ್ಲಿ ನಮ್ಮ ದೇಶದ ದೇವೇಂದ್ರ ಲಾಲ್ ಪ್ರಮುಖರು.

ಗಟ್ಟಿ ಗ್ರಾನೈಟಿನ ಬರಿಬಂಡೆ ಹತ್ತು ಲಕ್ಷ ವರ್ಷಗಳಲ್ಲಿ ಕೆಲವೇ ಮೀಟರು ಸವೆಯುವುದುಂಟು. 5 ಮೀಟರೆಂದು ಹಿಡಿದರೂ, 3 ಮೀಟರು ದಪ್ಪದ ಪದರ ಗಾಳಿಮಳೆಗೆ ಸವೆಯಲು 6 ಲಕ್ಷ ವರ್ಷ ಹಿಡಿಯುತ್ತದೆ. ಕೃಷ್ಣಗಿರಿ ಸೀಮೆಯ ಕ್ವಾರಿಗಳಲ್ಲಿ ಅಷ್ಟು ದಪ್ಪದ ಕಲ್ಲನ್ನು ಯಂತ್ರಗಳು ಕೆಲವೇ ದಿನಗಳಲ್ಲಿ ಕತ್ತರಿಸಿ ಲಾರಿಗೇರಿಸುತ್ತವೆ.

ಹಾಗಾದರೆ ಕಲ್ಲು ಕಡಿಯುವುದೇ ಪಾಪವೆ? ಹಾಗೆನ್ನಲು ನಮಗೆ ಬಾಯಿಲ್ಲ. ನಾವು ಪಾಠ ಹೇಳಿದ ಶಾಲೆಯ ಅಡಿಪಾಯ ಇದೇ ಕಲ್ಲಿನದು. ಕಲ್ಲುಕುಟಿಗರ ಮಕ್ಕಳು ಆ ಕೂಲಿಯಿಂದಲೇ ಪುಸ್ತಕ ಕೊಂಡು ನಮ್ಮೆದುರು ಕುಳಿತರು. ಈ ಸೀಮೆಯ ವೀರಗಲ್ಲುಗಳನ್ನೂ ಹಿರಿಯರು ಬಂಡೆಯಿಂದಲೇ ಎಬ್ಬಿಸಿದರು. ಆದರೆ ಅವರು ಮಡಿದವನ ನೆನಪು ಉಳಿಯಲೆಂದು ಒಂದು ಕಲ್ಲು ತಂದರು. ನಾವೋ, ನೆರೆಮನೆಯ ನೆಲದ ಹೊಳಪು ಕಂಡು, ಗಟ್ಟಿಯಾಗಿದ್ದ ನಮ್ಮ ಮನೆಯ ಚಪ್ಪಡಿಗಳನ್ನು ಕೀಳಿಸಿ ಹೊಸ ಗ್ರಾನೈಟು ಹಾಸಿಸಿದೆವು. ಹಳೆಯ ಚಪ್ಪಡಿಗಳು ಇಂದಿಗೂ ಹಿತ್ತಲಲ್ಲಿ ಬಿದ್ದಿವೆ.

ಮರ ಕಡಿದವನು ಸಸಿ ನೆಟ್ಟು ಋಣ ತೀರಿಸಿಯಾನು. ಕಲ್ಲಿಗೆ ಸಸಿಯಿಲ್ಲ. ತೀರಿಸಲಾಗದ ಸಾಲವನ್ನು ಎತ್ತುವವನು ತನ್ನ ಅಗತ್ಯವನ್ನು ಎರಡು ಬಾರಿ ತೂಗಬೇಕು. ತೆಗೆದ ಕಲ್ಲು ತಲೆಮಾರುಗಳ ಕಾಲ ಬಾಳಲಿ. ತೋಡಿದ ಹೊಂಡ ಯಾರ ಮಗುವನ್ನೂ ನುಂಗದಂತೆ ಅದರ ಸುತ್ತ ಬೇಲಿ ಏಳಲಿ. ಗುಡಿಯಿಲ್ಲದ ಬೆಟ್ಟಗಳೂ ಕೆಲವು ಇಡಿಯಾಗಿ ಉಳಿಯಲಿ.

ಹಿತ್ತಲಿನ ಚಪ್ಪಡಿಗಳನ್ನು ಈ ಬೇಸಿಗೆಯಲ್ಲಿ ಜಗಲಿಗೆ ಹಾಸಿಸಬೇಕೆಂದಿದ್ದೇವೆ. ಬೆಟ್ಟಕ್ಕೆ ಅದರಿಂದ ಏನೂ ಮರಳದು. ಮೊಮ್ಮಕ್ಕಳು ಅದರ ಮೇಲೆ ಕುಳಿತು ಕೇಳಿದರೆ, ಅದರ ಲೆಕ್ಕವನ್ನಾದರೂ ಹೇಳಬಹುದು.